ತೃಣಚ್ಛೇದಕನು ವಾರ್ತಾಹರನಿಗೆ ಸಲ್ಲಿಸತಕ್ಕ ದಕ್ಷಿಣೆಯ ವಿಚಾರ

ಯಾವ ಶಾಸ್ತ್ರಗ್ರಂಥವನ್ನೇ ಆಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂದು ಪ್ರಾಚೀನರು ವಿಧಿಸಿರುವುದರಿಂದ, ಅವರ ಕಟ್ಟಳೆಯನ್ನು ಮೀರಲಾರದೆ ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ: ಇಲ್ಲಿ ವಿಷಯವು ಹುಲ್ಲು, ಪ್ರಯೋಜನವು ನೂರಕ್ಕೆ ಹತ್ತು ರೂಪಾಯಿ, ಸಂಬಂಧವು ಹುಲ್ಲು ಹೊಡೆಯುವವನಿಗೂ ಹುಲ್ಲಿರುವ ಜಾಗವನ್ನು ತೋರಿಸಿದವನಿಗೂ ಇರತಕ್ಕದ್ದು, ಹಣ ಎಣಿಸುವ ದಿನದವರೆಗೆ ಮಾತ್ರ ಮಧುರವಾದದ್ದು, ಅಧಿಕಾರಿಯೆಂದರೆ, ಸಾಗರದ ಪೇಟೆಯಿಂದ ಕಂತಿನ ಮೇಲೆ ಕಳೆ ಹೊಡೆಯುವ ಮಿಷನ್ನೊಂದನ್ನು ತಂದು ಜಗಲಿಗೆ ಒರಗಿಸಿಟ್ಟು, ಯಾರಾದರೂ ಕರೆಯಬಂದಾರೇ ಎಂದು ದಣಪೆಯತ್ತ ನೋಡುತ್ತ ಕುಳಿತಿರುವ ಮುಮುಕ್ಷು. ಇಂಥ ಅಧಿಕಾರಿಯೊಬ್ಬನು ನಮ್ಮ ತುಮರಿಯಲ್ಲಿಯೇ, ನನ್ನ ತಂಗಿಯ ಮಗನ ರೂಪದಲ್ಲಿ ಉದಯಿಸಿ, "ಮಾವ, ಕೆಲ್ಸ ತೋರ್ಸಿದವಂಗೆ ಎಷ್ಟು ಕೊಡವು?" ಎಂದು ಕೇಳಿದ್ದೇ ಈ ಪ್ರಬಂಧಕ್ಕೆ ಹೇತು.

ಪಶ್ಚಿಮದಲ್ಲಿ ಈ ವಿದ್ಯೆಯ ಆದ್ಯಾಚಾರ್ಯನು ಎಡ್ವಿನ್ ಬಡಿಂಗ್. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಈ ಮಹಾನುಭಾವನು ಉಣ್ಣೆಬಟ್ಟೆಯ ಮೇಲಣ ಜುಂಗನ್ನು ಸವರುವ ಗಿರಣಿಯಂತ್ರವನ್ನು ಕಂಡು, ಬಟ್ಟೆಗೆ ಸಲ್ಲುವುದು ಭೂದೇವಿಗೇಕೆ ಸಲ್ಲದೆಂದು ತರ್ಕಿಸಿ, 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ದ್ವಿತೀಯಾಚಾರ್ಯನಾದ ಅಮೆರಿಕದ ಜಾರ್ಜ್ ಬಲಾಸನಿಗೆ 1971ರಲ್ಲಿ ಹ್ಯೂಸ್ಟನ್ ನಗರದಲ್ಲಿ ಕಾರು ತೊಳೆಯುವ ತಿರುಗುಬ್ರಷ್ಷುಗಳ ಸನ್ನಿಧಿಯಲ್ಲಿ ಜ್ಞಾನೋದಯವಾಗಿ, ಆತನು ಪಾಪ್‌ಕಾರ್ನ್ ಡಬ್ಬಿಗೆ ಮೀನುಗಾಳದ ದಾರವನ್ನು ಕಟ್ಟಿ ತಿರುಗಿಸಿದನು. ಮುಟ್ಟಿದರೆ ಮುನಿಯೂ ಕಮ್ಯುನಿಸ್ಟ್ ಗಿಡವೂ ಸೊಂಟದೆತ್ತರ ಹೆಣೆದುಕೊಳ್ಳುವ ನಮ್ಮ ಸೀಮೆಯಲ್ಲಿ ದಾರವನ್ನು ಬಿಚ್ಚಿಟ್ಟು ಬ್ಲೇಡು ಹಾಕಬೇಕಾಗುತ್ತದೆಂಬುದು ಆತನಿಗೆ ಹೊಳೆಯದಿದ್ದುದು ದೋಷವಲ್ಲ. ಆದರೆ ಹುಲ್ಲನ್ನು ಹೇಗೆ ಕತ್ತರಿಸಬೇಕೆಂದು ವಿಸ್ತಾರವಾಗಿ ಬೋಧಿಸಿದ ಈ ಆಚಾರ್ಯರಿಬ್ಬರೂ ಯಾರ ಹುಲ್ಲನ್ನು ಕತ್ತರಿಸಬೇಕು, ಅದನ್ನು ತಿಳಿಸಿದವನಿಗೆ ಏನು ಕೊಡಬೇಕು ಎಂಬ ಮೂಲಪ್ರಶ್ನೆಯ ವಿಷಯದಲ್ಲಿ ಮೌನಿಗಳಾದರು. ಈ ಮೌನವನ್ನು ತುಂಬುವ ಭಾರವು ತುಮರಿಯ ಮೇಲೆ ಬಿದ್ದಿದೆ.

ಬೀಳುವುದಕ್ಕೆ ಕಾರಣವೂ ಉಂಟು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ಶರಾವತಿಯ ಹಿನ್ನೀರು ನಮ್ಮನ್ನೂ ಸಾಗರವನ್ನೂ ಬೇರ್ಪಡಿಸಿದ ಮೇಲೆ, ಹೊಳೆಬಾಗಿಲಿನ ಲಾಂಚು ಕೇವಲ ಸಾಗಣೆಯ ಸಾಧನವಾಗಿ ಉಳಿಯದೆ ನಮ್ಮೆಲ್ಲರ ವಾರ್ತಾಪೀಠವಾಗಿಬಿಟ್ಟಿತು. ಆಸ್ಪತ್ರೆಗೆ ಹೊರಟವನೂ, ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬಂದವನೂ, ಅಡಿಕೆ ಮೂಟೆಯ ಜೀಪೂ, ಮದುವೆಯ ದಿಬ್ಬಣವೂ ಒಂದೇ ದಡದಲ್ಲಿ ನಿಂತು ಕಾಯಬೇಕಾಗಿದ್ದುದರಿಂದ, ಯಾರ ತೋಟದಲ್ಲಿ ಕಳೆ ಬೆಳೆದಿದೆ, ಯಾರ ಮಗನು ಬೆಂಗಳೂರಿನಿಂದ ಈ ಸಲವೂ ಬರಲಿಲ್ಲ, ಯಾರ ಕೊನೆಗೌಡನು ಮುನಿಸಿಕೊಂಡು ಹೋದನು ಎಂಬ ಸಮಸ್ತ ಜ್ಞಾನವೂ ಲಾಂಚು ಆಚೆ ದಡ ಮುಟ್ಟುವುದರೊಳಗೆ ಎಲ್ಲರಿಗೂ ಸಮಾನವಾಗಿ, ಬಿಟ್ಟಿಯಾಗಿ ಹಂಚಿಕೆಯಾಗುತ್ತಿತ್ತು. ಬಿಟ್ಟಿ ಸಿಗುವುದಕ್ಕೆ ದಕ್ಷಿಣೆಯೇನು? 2025ರ ಜುಲೈ 14ರಂದು 2.44 ಕಿಲೋಮೀಟರು ಉದ್ದದ ಸೇತುವೆಯು ಲೋಕಾರ್ಪಣೆಯಾಯಿತು. ಅರವತ್ತು ವರ್ಷ ಬೇಡಿಕೊಂಡದ್ದು ಕೈಗೂಡಿತು. ರಾತ್ರಿ ಹೆರಿಗೆನೋವು ಬಂದವಳು ಬೆಳಗಿನ ಲಾಂಚಿಗೆ ಕಾಯಬೇಕಾದ ದುರವಸ್ಥೆ ತಪ್ಪಿತು. ಇವುಗಳಲ್ಲಿ ನನಗೆ ಎಳ್ಳಷ್ಟೂ ಭಿನ್ನಾಭಿಪ್ರಾಯವಿಲ್ಲ. ಆದರೆ ಗಾಜು ಏರಿಸಿದ ಕಾರುಗಳು ಮೂರು ನಿಮಿಷದಲ್ಲಿ ದಾಟಿಹೋಗುವ ಸೇತುವೆಯ ಮೇಲೆ ಯಾರೂ ಯಾರಿಗೂ ಹುಲ್ಲಿನ ಸಮಾಚಾರವನ್ನು ಹೇಳುವುದಿಲ್ಲವಾಗಿ, ವಾರ್ತೆಯು ದುರ್ಲಭವಾಯಿತು, ದುರ್ಲಭವಾದದ್ದರಿಂದ ಬೆಲೆಯುಳ್ಳದ್ದಾಯಿತು. ನನ್ನ ಅಳಿಯನು ಮಿಷನ್ ಕೊಂಡದ್ದು ಸೇತುವೆಯಾದ ಒಂದು ತಿಂಗಳಿಗೆ.

ಇನ್ನು ಪ್ರಮಾಣವಿಚಾರ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯುಂಟೆಂದು ಊಹಿಸುವ ನೈಯಾಯಿಕರ ರೀತಿಯಲ್ಲಿಯೇ, ದಣಪೆಗೆ ಬೀಗವಿರುವುದನ್ನು ಕಂಡು ಒಳಗೆ ಹುಲ್ಲುಂಟೆಂದು ನಾವು ಊಹಿಸುತ್ತೇವೆ. ಎಲ್ಲೆಲ್ಲಿ ಯಜಮಾನನು ಬೆಂಗಳೂರಿನಲ್ಲಿರುವನೋ ಅಲ್ಲಲ್ಲಿ ಕಳೆಯಿದೆ ಎಂಬ ವ್ಯಾಪ್ತಿಗೆ ನಮ್ಮ ಕರೂರು ಹೋಬಳಿಯಲ್ಲಿ ಅಪವಾದವಿಲ್ಲ. ಇಂಥದೊಂದು ತೋಟ ಅಳಿಯನಿಗೆ ಮೊದಲ ಗಿರಾಕಿಯಾಗಿ ದೊರೆಯಿತು. ಕೊನೆಕೊಯ್ಲಿಗೆ ಮುಂಚೆ ನೆಲ ಚೊಕ್ಕಟವಾಗದಿದ್ದರೆ ಉದುರಡಿಕೆ ಹೆಕ್ಕುವುದಕ್ಕಾಗುವುದಿಲ್ಲವಷ್ಟೆ. ಎರಡು ದಿನ ದುಡಿದು, ಮೈತುಂಬ ಹಸಿರು ರಸ ಮೆತ್ತಿಕೊಂಡು ಅವನು ಹೊರಬರುವಷ್ಟರಲ್ಲಿ ದಣಪೆಯ ಬಳಿ ನಾಲ್ವರು ವಾರ್ತಾಹರರು ಸಿದ್ಧರಾಗಿದ್ದರು: ಯಜಮಾನನ ದೂರವಾಣಿಸಂಖ್ಯೆಯನ್ನು ಕೊಟ್ಟ ಚಹದಂಗಡಿಯವನು, ಆ ಸಂಖ್ಯೆಯನ್ನು ಅಂಗಡಿಯವನಿಗೆ ಕೊಟ್ಟಿದ್ದ ಆತನ ಭಾವ, ಅಲ್ಲಿ ಹುಲ್ಲಿದೆಯೆಂದು ಸತ್ಯನಾರಾಯಣ ಪೂಜೆಯ ನಡುವೆ ಸೂಚಿಸಿದ ಭಟ್ಟರು, ತನ್ನ ದನ ಆ ಹುಲ್ಲಿನಲ್ಲಿ ಕಾಣೆಯಾಗಿದ್ದುದರಿಂದಲೇ ಊರಿಗೆ ವಿಷಯ ತಿಳಿಯಿತೆಂದು ವಾದಿಸಿದ ನೆರೆಯವನು. ಒಬ್ಬೊಬ್ಬನಿಗೆ ನೂರಕ್ಕೆ ಹತ್ತರಂತೆ ನಲವತ್ತು ಹೋಗಿ, ಪೆಟ್ರೋಲು, ಆಯಿಲು, ಬ್ಲೇಡು, ಕಂತು ಕಳೆದರೆ ಅಳಿಯನ ಪಾಲಿಗೆ ಉಳಿಯುವುದು ಸೊಂಟನೋವು.

ಈ ಸಂಕಟದಲ್ಲಿ ನನಗೆ ನೆನಪಾದದ್ದು ಕುಂಬಾರನ ಕತ್ತೆ. ಗಡಿಗೆಗೆ ಮಣ್ಣು ಸಮವಾಯಿಕಾರಣ. ತಿಗರಿಯೂ ದಂಡವೂ ನಿಮಿತ್ತಕಾರಣ. ಮಣ್ಣನ್ನು ಹೊತ್ತು ತಂದ ಕತ್ತೆಯಾದರೋ ಗಡಿಗೆ ಹುಟ್ಟುವ ಹೊತ್ತಿಗೆ ಅಲ್ಲಿಯೇ ಕಿವಿಯಾಡಿಸುತ್ತ ನಿಂತಿದ್ದರೂ ಕಾರಣವೆನ್ನಿಸಿಕೊಳ್ಳದೆ 'ಅನ್ಯಥಾಸಿದ್ಧ'ವೆಂದು ಶಾಸ್ತ್ರದಿಂದ ಹೊರದೂಡಲ್ಪಟ್ಟಿದೆ. ಈ ನ್ಯಾಯದಂತೆ ನಾಲ್ವರಲ್ಲಿ ಕಾರಣನು ಯಾರು, ಕತ್ತೆ ಯಾರು ಎಂಬುದನ್ನು ನಾನು ಬಹಿರಂಗವಾಗಿ ವಿಂಗಡಿಸಿದ್ದರಿಂದ ಭಟ್ಟರು ನಮ್ಮ ಮನೆಯ ಅನಂತವ್ರತಕ್ಕೆ ಬರಲಿಲ್ಲ.

ಶಾಸ್ತ್ರವು ಕೈಬಿಟ್ಟಾಗ ಕಾನೂನಿಗೆ ಶರಣಾಗಬೇಕು. 1872ರ ಭಾರತೀಯ ಕರಾರು ಕಾಯಿದೆಯ 219ನೆಯ ಪ್ರಕರಣದ ಮೇರೆಗೆ, ಬೇರೆ ವಿಶೇಷ ಕರಾರಿಲ್ಲದ ಪಕ್ಷದಲ್ಲಿ, ವಹಿಸಿದ ಕಾರ್ಯವು ಪೂರ್ಣವಾಗುವ ತನಕ ಏಜೆಂಟನಿಗೆ ಪ್ರತಿಫಲ ಸಲ್ಲತಕ್ಕದ್ದಲ್ಲ. ಅದನ್ನು ರಚಿಸಿದವರು ಮಲೆನಾಡಿನ ಹುಲ್ಲನ್ನು ನೋಡಿದವರಲ್ಲ. ತೋಟದ ಈ ತುದಿಯಿಂದ ಹೊಡೆಯುತ್ತ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಚಿಗುರುವ ವಸ್ತುವಿನ ವಿಷಯದಲ್ಲಿ ಪೂರ್ಣತೆಯೆಂಬುದೆಲ್ಲಿ? ಪೂರ್ಣವಾಯಿತೆಂದೇ ಇಟ್ಟುಕೊಳ್ಳೋಣ, ಯಜಮಾನನು ಹಣ ಕೊಡುವುದು ಅಡಿಕೆ ಮಂಡಿಗೆ ಹೋದ ಮೇಲೆ, ಅಡಿಕೆ ಹೋಗುವುದು ಧಾರಣೆ ಏರಿದ ಮೇಲೆ, ಧಾರಣೆ ಏರುವುದು ದೈವೇಚ್ಛೆ. ಆದುದರಿಂದ 'ದುಡ್ಡು ಬಂದ ಮೇಲೆ ಕಮಿಷನ್' ಎಂದು ಸಾರಿದೊಡನೆ ವಾರ್ತಾಹರರಲ್ಲಿ ಅರ್ಧದಷ್ಟು ಮಂದಿ ನಿಸ್ಪೃಹರಾದರು. ಶೇಕಡಾವಾರಿಯ ಬದಲು ಕೆಲಸಕ್ಕಿಷ್ಟೆಂದು ಗೊತ್ತುಮಾಡಿದಾಗಲಂತೂ, ಬಾವಿಕಟ್ಟೆಯ ಸುತ್ತಣ ಮೂರು ಮಾರು ಹುಲ್ಲನ್ನೂ ತುಳಸಿಕಟ್ಟೆಯ ಹಿಂದಣ ಮೂಲೆಯನ್ನೂ ಪ್ರತ್ಯೇಕ ಕೆಲಸಗಳೆಂದು ತೋರಿಸುವವರು ಹುಟ್ಟಿಕೊಂಡರು. ದಲ್ಲಾಳಿಗಳ ಕೈಯಿಂದ ಅಡಿಕೆ ಬೆಳೆಗಾರನನ್ನು ಬಿಡಿಸಲು 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸನ್ನು ಕಟ್ಟಿದ ಹಿರಿಯರು, ಅಡಿಕೆಮರದ ಬುಡದ ಹುಲ್ಲಿಗೂ ಒಂದು ದಿನ ದಲ್ಲಾಳಿ ಹುಟ್ಟಿಯಾನೆಂದು ಎಣಿಸಿರಲಾರರು.

ಕಟ್ಟಕಡೆಯ ತೊಡಕು ನನ್ನ ಮನೆಯಲ್ಲಿಯೇ ಉದ್ಭವಿಸಿತು. ಸಿದ್ಧಾಂತರಚನೆಯಲ್ಲಿ ಮಗ್ನನಾಗಿದ್ದ ನನ್ನ ತೋಟದಲ್ಲಿಯೇ ಹುಲ್ಲು ಸೊಂಟ ಮುಟ್ಟಿರಲಾಗಿ, ನಾನೇ ಅಳಿಯನಿಗೆ ಹೇಳಿ ಕಳುಹಿಸಿದೆನು. ಅವನು ಬಂದು ಹೊಡೆದು, ಪೂರ್ತಿ ಹಣವನ್ನು ಎಣಿಸಿಕೊಂಡು, ಅದರಲ್ಲಿ ಹತ್ತನೆಯ ಒಂದು ಪಾಲನ್ನು, ಕೆಲಸ ತೋರಿಸಿದವರಿಗೆ ಸಲ್ಲತಕ್ಕದ್ದೆಂದು, ವಿನಯದಿಂದ ನನ್ನ ಮುಂದೆ ಇಟ್ಟನು. ಯಜಮಾನನೇ ವಾರ್ತಾಹರನೂ ಆಗಬಹುದೇ ಎಂದು ನಾನು ಪೂರ್ವಪಕ್ಷವನ್ನು ಎತ್ತುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಬಂದು, "ಆಷಾಢದಿಂದ ಹುಲ್ಲು ಹುಲ್ಲು ಅಂತ ಬಡ್ಕತ್ತಾ ಇದ್ದವಳು ಯಾರು?" ಎಂದು ಕೇಳಿ ನೋಟುಗಳನ್ನು ಎತ್ತಿಕೊಂಡಳು. ಅಳಿಯನು ನನ್ನ ಕಡೆ ನೋಡಿದನು. ಕಾರಣವೂ ಅನ್ಯಥಾಸಿದ್ಧವೂ ಇಷ್ಟು ಸ್ಪಷ್ಟವಾಗಿ ಬೇರ್ಪಟ್ಟದ್ದನ್ನು ಆ ಮೊದಲು ನಾನು ಕಂಡಿರಲಿಲ್ಲ. ಸುಮ್ಮನೆ ಕಿವಿ ತುರಿಸಿಕೊಳ್ಳುತ್ತ ನಿಂತೆನು.