ದುಡಿಯದ ದುಡ್ಡಿನ ಮೀಮಾಂಸೆ

ಪ್ರತಿಜ್ಞೆ: ಅಮೆರಿಕದ ಹಳೆಯ ನಾಣ್ಯಗಳ ಲೋಕದಲ್ಲಿ ಕಾಯಕ ಮಾಡಿದವರಿಗೆ ಕೈಲಾಸವಿಲ್ಲ.

ಪೂರ್ವಪಕ್ಷದವರು ಹೀಗೆನ್ನಬಹುದು: ನಾಣ್ಯ ಇರುವುದೇ ಚಲಾವಣೆಗೆ, ಕೈಯಿಂದ ಕೈಗೆ ದಾಟಿ ಸವೆಯುವುದೇ ಅದರ ಧರ್ಮ. ಇದು ಅಂಗಡಿಗೆ ಹೋಗಿ ಬರುವವರ ಮಾತು, ಶಾಸ್ತ್ರಜ್ಞರದ್ದಲ್ಲ. ಶಾಸ್ತ್ರವನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಬರೆದಿಟ್ಟಿದ್ದಾನೆ. ಈತ ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ 7ರವರೆಗೆ ಅಂಕ ಕೊಟ್ಟವನು. ತಾಮ್ರದ ಹಳೆಯ ಸೆಂಟು ಕಂಡಾಗ ಮಾತ್ರ ಕೈ ಬಿಚ್ಚಿ 70ರವರೆಗೂ ಹೋದ. ಮುಂದೆ ಆ ಅಳತೆಗೋಲೇ ಎಲ್ಲ ನಾಣ್ಯಗಳಿಗೂ ಬಂತು. ನಾಣ್ಯ ನೋಡುವ ಆತನ ಕಣ್ಣು ಎಷ್ಟು ಹರಿತವೆಂದರೆ, ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿ ತನ್ನ ಸಾಧಾರಣ ಸೆಂಟುಗಳನ್ನಿಟ್ಟು ಅಲ್ಲಿನ ಉತ್ತಮವಾದವನ್ನು ಎತ್ತಿಕೊಂಡಿದ್ದು ಆತ ಸತ್ತ ಮೇಲೆಯೇ ಗೊತ್ತಾಯಿತು. ನಾಣ್ಯದ ಸ್ಥಿತಿಗೆ ಅಂಕ ಕೊಡುವ ಗ್ರೇಡಿಂಗ್‌ನಲ್ಲಿ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನಾವುದು?

ಅಂಕಪಟ್ಟಿ ಹೀಗಿದೆ. 1ರಿಂದ 58ರವರೆಗೆ ಚಲಾವಣೆಯಲ್ಲಿ ಬೆವರು ಸುರಿಸಿದವರು. 60ರಿಂದ 70ರವರೆಗೆ ಮನೆ ಬಿಟ್ಟು ಹೊರಡದವರು. ಅವರ ಸೋಮಾರಿತನದಲ್ಲೇ ಹನ್ನೊಂದು ಮೆಟ್ಟಿಲು. ಒಂದೇ ಒಂದು ಸಲ ಹಾಲು ತರಲು ಹೋಗಿಬಂದ ಚೆಂದದ ನಾಣ್ಯಕ್ಕೆ 58. ಮನೆಯಲ್ಲೇ ಬಿದ್ದು ಮುಖವೆಲ್ಲ ಗಾಯ ಮಾಡಿಕೊಂಡ ವಿಕಾರರೂಪಿಗೆ 60.

ಗಾಯ ಹೇಗೆಂದರೆ: ಮಾರ್ಗನ್ ಡಾಲರನ್ನು ನೋಡಿ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕಿಸಿದ್ದು, ತೂಕ 26.73 ಗ್ರಾಂ, ಶೇಕಡ 90 ಬೆಳ್ಳಿ. ಗಣಿಯವರ ಒತ್ತಡಕ್ಕೆ ಸರ್ಕಾರ ಬೆಳ್ಳಿ ಕೊಂಡು ಅಚ್ಚು ಹಾಕಿತು. ಜೇಬಿಗೆ ಭಾರವೆಂದು ಜನ ಒಲ್ಲೆವೆಂದರು. ಸಾವಿರಕ್ಕೊಂದು ಚೀಲದಂತೆ ಖಜಾನೆಯಲ್ಲಿ ಮಲಗಿದವು. ಚೀಲ ಎತ್ತಿ ಎಸೆದಾಗಲೆಲ್ಲ ಒಂದರ ಅಂಚು ಇನ್ನೊಂದರ ಲಿಬರ್ಟಿ ದೇವಿಯ ಕೆನ್ನೆಗೆ ಬಡಿಯಿತು. 1918ರ ಕಾನೂನಿನಂತೆ 27 ಕೋಟಿ ಬೆಳ್ಳಿ ಡಾಲರುಗಳು ಕುಲುಮೆ ಸೇರಿದವು. ಉಳಿದವನ್ನು ಪಂಡಿತರು ಅಂಚು ಹಿಡಿದು ದೀಪದಡಿ ಮೆಲ್ಲನೆ ಓರೆ ಮಾಡುತ್ತಾರೆ: ಬೆಳಕು ಬಂಡಿಗಾಲಿಯಂತೆ ಸುತ್ತಬೇಕು. ಯಾರದಾದರೂ ಹೆಬ್ಬೆರಳು ಉಜ್ಜಿದ್ದರೆ ಗಾಲಿ ಅಲ್ಲೇ ಕೀಲು ಕಳಚುತ್ತದೆ.

ದೋಷಗಳಿಗೆ ಈ ಶಾಸ್ತ್ರದಲ್ಲಿ ಗುಣವೆಂದು ಹೆಸರು. 1937ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಅಚ್ಚನ್ನು ಅತಿಯಾಗಿ ಉಜ್ಜಿದ್ದಕ್ಕೆ ನಿಕಲ್ ನಾಣ್ಯದ ಕಾಡುಕೋಣ ಒಂದು ಕಾಲು ಕಳೆದುಕೊಂಡಿತು; ನಾಲ್ಕು ಕಾಲಿನದಕ್ಕಿಂತ ಅದಕ್ಕೆ ಎಷ್ಟೋ ಪಟ್ಟು ಬೆಲೆ. ಅಮೆರಿಕದ ನಾಣ್ಯಗಳಿಗೆಲ್ಲ ರಾಜನೆನಿಸಿದ 1804ರ ಡಾಲರಂತೂ 1804ರಲ್ಲಿ ಹುಟ್ಟಿದ್ದೇ ಅಲ್ಲ. ಮೂವತ್ತು ವರ್ಷ ತಡವಾಗಿ, ಮಸ್ಕತ್ತಿನ ಸುಲ್ತಾನ, ಸಯಾಮಿನ ರಾಜ ಮುಂತಾದವರ ಉಡುಗೊರೆಗೆಂದು ಹಳೆಯ ತಾರೀಖು ಹಾಕಿಸಿಕೊಂಡು ಬಂತು. ನಮ್ಮಲ್ಲಾದರೆ ಇಂಥ ಜನ್ಮಪತ್ರಕ್ಕೆ ಪೊಲೀಸರು ಬರುತ್ತಾರೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಈ ಪ್ರಬಂಧಕಾರನ ಅತ್ತೆ ನ್ಯೂಜೆರ್ಸಿಯಲ್ಲಿ ಮಗನ ಮನೆಗೆ ಹೋಗಿದ್ದಾಗ ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ಬೆಳ್ಳಿ ನಾಣ್ಯ ಹುಡುಕಿದರು. ಮಗನ ಕಪಾಟಿನಲ್ಲಿ ಮಾರ್ಗನ್ ಡಾಲರ್ ಸಿಕ್ಕಿತು. ಬಟ್ಟೆ ಚೀಲದ ಗಂಧಕಕ್ಕೆ ನೂರು ವರ್ಷ ಒಡ್ಡಿಕೊಂಡು ಅಂಚಿನಲ್ಲಿ ನೇರಳೆ, ನಡುವೆ ಚಿನ್ನದ ಬಣ್ಣ ತಿರುಗಿದ್ದ ನಾಣ್ಯ. ಅತ್ತೆಗೆ ಅದು ಕಿಲುಬು. ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿ, ಫಳಫಳ ಹೊಳೆಸಿ ಅರಿಶಿನ ಕುಂಕುಮ ಇಟ್ಟರು. ಆಮೇಲೆ ಮಗ ಅದನ್ನು ಗ್ರೇಡಿಂಗ್ ಕಂಪನಿಯೊಂದಕ್ಕೆ ಕಳಿಸಿದ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಿಕೊಂಡು ವಾಪಸು ಬಂತು. ಅಂಕದ ಜಾಗದಲ್ಲಿ ಅಂಕವಿಲ್ಲ. ‘ತೊಳೆದದ್ದು’ ಎಂಬ ಕಳಂಕ ಮಾತ್ರ.

“ತೊಳೆದದ್ದಕ್ಕೆ ದಂಡ ಹಾಕೋ ದೇಶ ಇದು ಯಾವುದಪ್ಪಾ?” ಎಂದರು ಅತ್ತೆ. ಶಾಸ್ತ್ರದಲ್ಲಿ ಇದಕ್ಕೆ ಪರಿಹಾರ ಹೇಳಿಲ್ಲ.

ಆದ್ದರಿಂದ ವಾಚಕ ಮಹಾಶಯರಲ್ಲಿ ಅರಿಕೆ: ಹಬ್ಬ ಹತ್ತಿರ ಬಂದಾಗ ಡಾಲರು ಮತ್ತು ಹುಣಸೆಹಣ್ಣು, ಎರಡರಲ್ಲಿ ಒಂದನ್ನಾದರೂ ಬೀಗ ಹಾಕಿಡಿ.