ಕೊಲೆಗಾರ ಯಾರು ಅಂತ ಹೇಳಿಬಿಡ್ಲಾ?

ನಮ್ಮೂರ ಸಾಹಿತ್ಯ ಹಬ್ಬಕ್ಕೆ ನೀವೂ ಬಂದಿದ್ರಿ. ಇಲ್ಲ ಅನ್ಬೇಡಿ ಮಾರಾಯ್ರೇ, ನಾನು ನೋಡಿದೀನಿ. ಮೂರನೇ ಸಾಲಿನ ತುದಿ ಕುರ್ಚಿ, ಸರಿಯಾಗಿ ಫ್ಯಾನಿನ ಕೆಳಗೆ, ತೊಡೆ ಮೇಲೆ ಹಬ್ಬದವರು ಕೊಟ್ಟ ಬಟ್ಟೆ ಚೀಲ. ಚೀಲದೊಳಗೆ ಪುಸ್ತಕ ಒಂದೂ ಇರಲಿಲ್ಲ. ಊಟದ ಕೂಪನ್ ಮಾತ್ರ ಎರಡಿತ್ತು (ಒಬ್ಬರಿಗೆ ಒಂದೇ ಅಂತ ಅಷ್ಟು ದಪ್ಪಕ್ಷರದಲ್ಲಿ ಬರೆದಿದ್ರೂ!).

ಇರಲಿ ಬಿಡಿ. 2012ರಲ್ಲಿ ಬೆಂಗಳೂರಲ್ಲಿ ಲಿಟ್ ಫೆಸ್ಟ್ ಶುರುವಾಯ್ತು, 2013ರಲ್ಲಿ ಧಾರವಾಡದಲ್ಲಿ ಸಾಹಿತ್ಯ ಸಂಭ್ರಮ. ಆಮೇಲೆ ನಮ್ಮಂಥ ಸಣ್ಣ ಊರು ಸುಮ್ಮನಿರುತ್ತಾ? ಶೂನ್ಯಮಾಸದಲ್ಲಿ ಕಲ್ಯಾಣ ಮಂಟಪ ಖಾಲಿ ಬಿದ್ದಿರೋದು ನೋಡ್ಕೊಂಡು ನಾವೂ ಒಂದು ಹಬ್ಬ ಮಾಡೇಬಿಟ್ವಿ (ಮದುವೆ ಇಲ್ಲದ ತಿಂಗಳಲ್ಲಿ ಬಾಡಿಗೆ ಅರ್ಧ, ಸಾಹಿತ್ಯಕ್ಕೆ ಮುಹೂರ್ತ ಬೇಡ).

ಕಾರ್ಯಕ್ರಮದ ಪಟ್ಟಿ ಕೈಗೆ ಬಂದಾಗ ನೀವು ಮೂಗು ಮುರಿದದ್ದು ನೆನಪಿದೆಯಾ? "ಹನ್ನೊಂದೂವರೆಗೆ ಪತ್ತೇದಾರಿ ಕಾದಂಬರಿನಾ? ಇದನ್ನೂ ಸಾಹಿತ್ಯ ಅಂತಾರಾ?" ಅಂದ್ರಿ. ಅಂದೋರು ಹನ್ನೊಂದು ಗಂಟೆಗೇ ಕರ್ಚೀಫ್ ಹಾಕಿ ಸೀಟು ಹಿಡಿದಿದ್ರಿ!

ಈ ಮೂಗು ಮುರಿಯೋದು ಹಳೇ ನಾಟಕ. ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ್ರು. ಓದಿದೋರು ಕೈ ಎತ್ತಿ ಅನ್ನಿ, ಒಬ್ರೂ ಎತ್ತಲ್ಲ. ಎಲ್ರೂ ಕಾರಂತ, ಭೈರಪ್ಪ ಅಂತಾರೆ. ಹಾಗಾದ್ರೆ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಆ ಪುಸ್ತಕಗಳ ರಟ್ಟು ಕಿತ್ತುಹೋಗಿದ್ದು ಗೆದ್ದಲಿಂದಾನಾ? ನವೆಂಬರ್ 1ಕ್ಕೆ ಹಳದಿ ಕೆಂಪು ಬಾವುಟ ಹಾರಿಸ್ತೀರಲ್ಲ, ಅದನ್ನ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದೋರೇ. ಈಗ ಮುರೀರಿ ಮೂಗು, ನೋಡೋಣ.

ಇನ್ನೊಂದು. ಆ ಲೈಬ್ರರಿ ಪುಸ್ತಕಗಳ ಹನ್ನೆರಡನೇ ಪುಟದಲ್ಲೇ ಒಂದು ಹೆಸರಿಗೆ ಪೆನ್ಸಿಲ್ಲಲ್ಲಿ ಸೊನ್ನೆ ಸುತ್ತಿ "ಇವನೇ ಕೊಲೆಗಾರ" ಅಂತ ಬರೆದಿಡ್ತಿದ್ದೋರು ಯಾರು? 'ಗಾ' ಅಕ್ಷರದ ದೀರ್ಘಕ್ಕೆ ಅಷ್ಟುದ್ದ ಬಾಲ ಎಳೆಯೋರು ನಮ್ಮೂರಲ್ಲಿ ಒಬ್ರೇ ಇರೋದು. ಯಾರಂತ ಹೇಳಲ್ಲ (ನೀವು ಕೆಮ್ಮಬೇಡಿ).

ವೇದಿಕೆ ಮೇಲಿದ್ದ ಹುಡುಗಿ ನಮ್ಮ ಸೊಸೈಟಿ ಬ್ಯಾಂಕಿನ ಕ್ಯಾಷಿಯರ್. ಮೊದಲ ಕಾದಂಬರಿ. "ಸ್ವಲ್ಪ ಚಿಲ್ಲರೆ ಕೊಡಮ್ಮ" ಅಂತ ಅವಳ ಮುಂದೆ ನೂರು ಸಲ ನಿಂತಿದೀರಿ. ಗಾಜಿನ ಹಿಂದೆ ಕೂತು ಯಾರನ್ನ ಕೊಲ್ಲೋದು ಅಂತ ಲೆಕ್ಕ ಹಾಕ್ತಿದ್ಲು ಅನ್ನೋದು ಗೊತ್ತಿತ್ತಾ?

ಕಥೆ ಅಡಿಕೆ ಮಂಡಿಯದ್ದು. ಮೊದಲು ಬರೆದಾಗ ಮಂಡಿ ಸಾಹುಕಾರನಿಗೆ ಕಾಫಿಯಲ್ಲಿ ಮೈಲುತುತ್ತ ಹಾಕಿ ಕೊಂದಿದ್ಲಂತೆ. ಓದಿ ಅವರಪ್ಪ ಬಿದ್ದು ಬಿದ್ದು ನಕ್ಕರಂತೆ. "ಮೂವತ್ತು ಮಳೆಗಾಲ ಅಡಿಕೆಗೆ ಮೈಲುತುತ್ತದ ಕೊಳೆ ಔಷಧಿ ಹೊಡೆದಿದೀನಿ ಮಗಾ. ಅದು ನೀಲಿ. ಬಾಯಿಗಿಟ್ಟರೆ ವಾಂತಿ. ನಿನ್ನ ಸಾಹುಕಾರನಿಗೆ ಕಣ್ಣಿಲ್ವಾ, ನಾಲಿಗೆ ಇಲ್ವಾ?" ಮೂರು ಅಧ್ಯಾಯ ಒಲೆಗೆ ಹೋಯ್ತು. ಅಗಾಥಾ ಕ್ರಿಸ್ಟಿಗೆ ಈ ಫಜೀತಿ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿ, ವಿಷಗಳನ್ನೆಲ್ಲ ಪರಿಚಯ ಮಾಡ್ಕೊಂಡೇ 1920ರಲ್ಲಿ ಮೊದಲ ಕಾದಂಬರಿ ತಂದಿದ್ದು (ನಮ್ಮವಳಿಗೆ ಅಪ್ಪನ ತೋಟವೇ ಆಸ್ಪತ್ರೆ).

ಆಮೇಲೆ ಪ್ರಶ್ನೋತ್ತರ. "ಚುಟುಕಾಗಿ ಕೇಳಿ" ಅಂದ್ರು. ನೀವು ಎದ್ರಿ. "ಪ್ರಶ್ನೆಗೆ ಮುಂಚೆ ಎರಡು ಮಾತು" ಅಂದ್ರಿ. ಆ ಎರಡು ಮಾತಲ್ಲಿ ನಿಮ್ಮ ಸರ್ವಿಸ್ಸು, ಅಚ್ಚಾಗದ ಕವನ ಸಂಕಲನ, ಡಲ್ಲಾಸಲ್ಲಿರೋ ಮಗ ಎಲ್ಲಾ ಬಂದು ಹೋದ್ವು. ಕೊನೆಗೆ, "ಅಲ್ಲಮ್ಮಾ, ಕಾಂಪೌಂಡರೇ ಕೊಂದ ಅನ್ನೋದು ಯಾಕೋ ನಂಬೋ ಹಾಗಿಲ್ಲ" ಅಂದೇಬಿಟ್ರಿ!

ಇಡೀ ಮಂಟಪ "ಅಯ್ಯೋ" ಅಂತು. ಪುಸ್ತಕ ಮಾರೋ ಹುಡುಗ ತಲೆ ಮೇಲೆ ಕೈ ಹೊತ್ತ. ನೀವು ಪುಸ್ತಕ ಓದಿದೀರಾ? ಎಲ್ಲಿಂದ! ಬೆಳಿಗ್ಗೆ ಮಳಿಗೆಯಲ್ಲಿ ನಿಂತ್ಕೊಂಡೇ ಕೊನೇ ಪುಟ ನೋಡಿ ವಾಪಸ್ ಇಟ್ರಿ. ಖಾರಮಂಡಕ್ಕಿ ತಿಂದ ಕೈಯ ಎಣ್ಣೆ ಗುರುತು ಆ ಪುಟದ ಮೂಲೆಯಲ್ಲಿ ಈಗಲೂ ಇದೆ.

ಹುಡುಗಿ ಒಂಚೂರೂ ಬೆಚ್ಚಲಿಲ್ಲ. ನೋಟು ಎಣಿಸುವಷ್ಟೇ ತಣ್ಣಗೆ, "ಸರ್, ನೀವು ಪಾಸ್‌ಬುಕ್ಕಲ್ಲೂ ಕೊನೇ ಸಾಲು ಮಾತ್ರ ನೋಡೋದು. ನಿಮ್ಮಂಥೋರಿಗೆ ಅಂತಲೇ ಕಾಂಪೌಂಡರನ್ನ ಅಲ್ಲಿ ನಿಲ್ಲಿಸಿದೀನಿ. ನಿಜವಾದ ಹೆಸರು 87ನೇ ಪುಟದಲ್ಲಿದೆ" ಅಂದ್ಲು. ಏನು ಚಪ್ಪಾಳೆ ಅಂತೀರಿ! (ನೀವೂ ತಟ್ಟಿದ್ರಿ, ಸ್ವಲ್ಪ ತಡವಾಗಿ.)

ಆಮೇಲೆ ಊಟದ ಕ್ಯೂನಲ್ಲಿ ಮೆಲ್ಲಗೆ ನನ್ನ ಪಕ್ಕ ಸರಿದು, "87ರಲ್ಲಿ ಎಂತ ಇದೆ ಮಾರಾಯ್ರೇ?" ಅಂತ ಪಿಸುಗುಟ್ಟಿದ್ರಲ್ಲ? ನನಗೆ ಗೊತ್ತು. ನೀವು ಚಪ್ಪಾಳೆ ತಟ್ಟೋ ಹೊತ್ತಿಗೆ ನಾನು ಮಳಿಗೆಗೆ ಓಡಿ, ನಿಂತ್ಕೊಂಡೇ ಓದಿ, ವಾಪಸ್ ಇಟ್ಟು ಬಂದಾಗಿತ್ತು. ಹೇಳ್ತೀನಿ. ಮೊದಲು ಆ ಎರಡನೇ ಕೂಪನ್ ಇತ್ಲಾಗೆ ಕೊಡಿ.