ಮಾರಾಟಕ್ಕಿದೆ ಬಿಸಿಲು

(ಕಡೂರು ರೈಲ್ವೆ ಸ್ಟೇಷನ್ ಎದುರಿನ ಟೀ ಅಂಗಡಿ. ಸೋಲಾರ್ ಏಜೆಂಟ್, ತರೀಕೆರೆಯ ಅಡಿಕೆ ಗೌಡ್ರು, ಅಜ್ಜಂಪುರದ ಈರುಳ್ಳಿ ಬಸಣ್ಣ.)

ಏಜೆಂಟ್: ಗೌಡ್ರೇ, ಚಾವಣಿ ಮೇಲೆ 3 ಕಿಲೋವ್ಯಾಟ್ ಹಾಕ್ಸಿ. ಸೂರ್ಯ ಘರ್ ಯೋಜನೇಲಿ 78,000 ರೂಪಾಯಿ ಸಬ್ಸಿಡಿ. ಬಿಲ್ ಸೊನ್ನೆ!

ಗೌಡ್ರು: ಗೃಹಜ್ಯೋತಿ ಬಂದಾಗ್ಲಿಂದ ಸೊನ್ನೇನೇ ಕಣಪ್ಪಾ. ಸೊನ್ನೇಲಿ ಇನ್ನೇನು ಕಳೀತೀಯ?

ಏಜೆಂಟ್: ಹಂಗಾದ್ರೆ ಪಂಪ್‌ಸೆಟ್‌ಗೆ?

ಬಸಣ್ಣ: 10 ಎಚ್‌ಪಿವರೆಗೂ ಫ್ರೀ. ಬಿಲ್ಲೂ ಬರಲ್ಲ, ಕರೆಂಟೂ ಬರಲ್ಲ.

ಏಜೆಂಟ್: ಮಿಕ್ಕಿದ್ದನ್ನ ಗ್ರಿಡ್‌ಗೆ ಮಾರಿ! 2014ರಲ್ಲೇ ನಮ್ಮ ಸರ್ಕಾರ ಸೂರ್ಯ ರೈತ ಯೋಜನೆ ತಂದಿತ್ತಲ್ಲ. ಇನ್ಮೇಲೆ ನೀವು ವಿದ್ಯುತ್ ಉದ್ಯಮಿಗಳು.

ಗೌಡ್ರು: ಕರೆಂಟ್ ಹೋದಾಗ ಈ ಉದ್ಯಮಿ ಮನೇಲಿ ದೀಪ ಉರಿಯುತ್ತಾ?

ಏಜೆಂಟ್ (ದನಿ ಇಳಿಸಿ): ಇಲ್ಲ... ಲೈನ್ ಆಫ್ ಆದ್ರೆ ಇನ್ವರ್ಟರೂ ತಾನೇ ಆಫ್ ಆಗುತ್ತೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೀಬಾರದಲ್ಲ.

(ತಮಾಷೆಯಲ್ಲ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಸೇರಿಸಿದ ಸೋಲಾರ್ ಇರೋದೇ ಹೀಗೆ.)

ಬಸಣ್ಣ: ನೆತ್ತಿ ಮೇಲೆ ಸೂರ್ಯ, ಚಾವಣಿ ಮೇಲೆ ಪ್ಲೇಟು, ಒಳಗೆ ಫ್ಯಾನ್ ಬಂದ್!

ಏಜೆಂಟ್: ಬ್ಯಾಟರಿ ಹಾಕ್ಸಿದ್ರಾಯ್ತು. ಅದರ ದುಡ್ಡು ಬೇರೆ. ಎಷ್ಟು ಯೂನಿಟ್ ಮಾರಿದ್ರಿ ಅಂತ ಆ್ಯಪ್‌ನಲ್ಲೇ ಕಾಣುತ್ತೆ, ನೋಡಿ...

(ಪರದೆ ಮೇಲಿನ ಚಕ್ರ ತಿರುಗುತ್ತಲೇ ಇದೆ.)

ಟೀ ಅಂಗಡಿಯವನು: ಕರೆಂಟ್ ಹೋಗಿ ಟವರೂ ಸತ್ತಿದೆ ಸಾರ್. ಮೂರು ಟೀ, ಕ್ಯಾಶೇ ಕೊಡಿ.